ಔಷಧದಾನದ ಹೊಣೆ: ವಿದೇಶೀ ಆರೋಗ್ಯ ನೆರವಿನ ಒಂದು ವಿಮರ್ಶೆ

ಕರ್ನಾಟಕದ ಜೈನ ಶಾಸನಗಳು ದಾನಿಗಳನ್ನು ಪ್ರಶಂಸಿಸುವಾಗ ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ನಾಲ್ಕು ದಾನಗಳನ್ನು ಮತ್ತೆ ಮತ್ತೆ ಒಟ್ಟಾಗಿಯೇ ಹೆಸರಿಸುತ್ತವೆ. ಹಸಿದವನಿಗೆ ಅನ್ನ, ಅಂಜಿದವನಿಗೆ ರಕ್ಷಣೆ, ರೋಗಿಗೆ ಮದ್ದು, ಅರಿಯದವನಿಗೆ ಅರಿವು. ಶ್ರಾವಕನ ಕೈಯಿಂದ ಸಮಾಜಕ್ಕೆ ಸಲ್ಲಬೇಕಾದುದನ್ನು ಪೂರ್ವಿಕರು ಹೀಗೆ ಸಂಗ್ರಹಿಸಿದ್ದರು. ದಾನದ ಹಿರಿಮೆಯನ್ನು ಹೇಳಿ ಸುಮ್ಮನಾಗದೆ, ಅದನ್ನು ತೂಗಿ ನೋಡುವ ಬಗೆಯನ್ನೂ ಅವರು ವಿಚಾರ ಮಾಡಿದ್ದಾರೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ದಾನದಾನಗಳ ನಡುವಣ ತಾರತಮ್ಯಕ್ಕೆ ನಾಲ್ಕು ಅಂಶಗಳನ್ನು ಕಾರಣವಾಗಿ ಗುರುತಿಸಲಾಗಿದೆ: ಕೊಡುವ ವಿಧಿ, ಕೊಡುವ ದ್ರವ್ಯ, ಕೊಡುವ ದಾತೃ, ಪಡೆಯುವ ಪಾತ್ರ. ಎಷ್ಟು ಕೊಡಲಾಯಿತು ಎಂಬುದಕ್ಕೆ ಈ ನಾಲ್ಕರಲ್ಲಿ ಪ್ರತ್ಯೇಕ ಸ್ಥಾನವಿಲ್ಲದಿರುವುದು ಗಮನಾರ್ಹ.

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಿಂದ ಈಚೆಗೆ ಸಂಪನ್ನ ರಾಷ್ಟ್ರಗಳು ಆಫ್ರಿಕಾ, ಏಷ್ಯಾ, ಲ್ಯಾಟಿನ್ ಅಮೆರಿಕಗಳ ಬಡ ರಾಷ್ಟ್ರಗಳಿಗೆ ಆರೋಗ್ಯದ ಹೆಸರಿನಲ್ಲಿ ನೀಡುತ್ತ ಬಂದಿರುವ ನೆರವನ್ನು ಔಷಧದಾನದ ಒಂದು ಬೃಹತ್ ರೂಪವೆಂದು ಕಾಣಬಹುದು. ಆ ನೆರವು ನಿಜಕ್ಕೂ ಫಲಕಾರಿಯೇ ಎಂಬ ಪ್ರಶ್ನೆ ಬಹುಕಾಲ ಅರ್ಥಶಾಸ್ತ್ರಜ್ಞರ ಚರ್ಚೆಗೆ ಮೀಸಲಾಗಿತ್ತು. ೨೦೨೫ರಲ್ಲಿ ಅಮೆರಿಕವು ತನ್ನ ನೆರವಿನ ಬಹುಭಾಗವನ್ನು ಹಠಾತ್ತನೆ ನಿಲ್ಲಿಸಿದ ಮೇಲೆ ಅದು ಲಕ್ಷಾಂತರ ರೋಗಿಗಳ ಜೀವನ್ಮರಣದ ಪ್ರಶ್ನೆಯಾಗಿದೆ. ಶಾಸ್ತ್ರದ ಪರಿಭಾಷೆಯಲ್ಲಿ ಪಾತ್ರವೆಂದರೆ ಪ್ರಧಾನವಾಗಿ ಸಂಯಮಿಗಳು ಮತ್ತು ವ್ರತಿಗಳು. ರೋಗಾರ್ತರಿಗೆ ನೀಡುವುದು ಕರುಣಾದಾನದ ಕಕ್ಷೆಗೆ ಸೇರಿದ್ದು. ಈ ಭೇದವನ್ನು ಮರೆಯದೆಯೂ, ಆ ನಾಲ್ಕು ಅಂಶಗಳ ಬೆಳಕಿನಲ್ಲಿ ವಿದೇಶೀ ಆರೋಗ್ಯ ನೆರವನ್ನು ಪರಿಶೀಲಿಸಿದರೆ, ಕೇವಲ ಹಣದ ಲೆಕ್ಕ ಮರೆಮಾಡುವ ಕೆಲವು ಸಂಗತಿಗಳು ಸ್ಪಷ್ಟವಾಗುತ್ತವೆ.

ಮೊದಲು ಚರ್ಚೆಯ ಸ್ವರೂಪವನ್ನು ಗಮನಿಸಬೇಕು. ೨೦೦೫ರಲ್ಲಿ ಪ್ರಕಟವಾದ ‘ದಿ ಎಂಡ್ ಆಫ್ ಪಾವರ್ಟಿ’ ಎಂಬ ಗ್ರಂಥದಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ಜೆಫ್ರಿ ಸ್ಯಾಕ್ಸ್, ಬಡ ದೇಶಗಳು ರೋಗ ಮತ್ತು ಬಡತನಗಳ ಸುಳಿಯಲ್ಲಿ ಸಿಲುಕಿರುವುದರಿಂದ ಹೊರಗಿನ ದೊಡ್ಡ ಮೊತ್ತದ ನೆರವಿಲ್ಲದೆ ಮೇಲೇಳಲಾರವೆಂದು ವಾದಿಸಿದರು. ಮರುವರ್ಷ ಬಂದ ‘ದಿ ವೈಟ್ ಮ್ಯಾನ್ಸ್ ಬರ್ಡನ್’ ಕೃತಿಯಲ್ಲಿ ವಿಲಿಯಂ ಈಸ್ಟರ್ಲಿ ಇದಕ್ಕೆ ಎದುರಾಗಿ ನಿಂತರು. ದೂರದ ರಾಜಧಾನಿಗಳಲ್ಲಿ ಕುಳಿತು ರೂಪಿಸಿದ ಮಹಾಯೋಜನೆಗಳು ಬಡವನ ಮನೆಯ ಬಾಗಿಲನ್ನು ತಲಪುವುದಿಲ್ಲ, ಯೋಜಕರು ಯಾರಿಗೂ ಉತ್ತರ ಹೇಳಬೇಕಾಗಿಲ್ಲ ಎಂಬುದು ಅವರ ಆಕ್ಷೇಪ. ೨೦೦೯ರಲ್ಲಿ ಜಾಂಬಿಯಾ ಮೂಲದ ಡಂಬಿಸಾ ಮೊಯೊ ‘ಡೆಡ್ ಏಯ್ಡ್’ನಲ್ಲಿ ಸರ್ಕಾರದಿಂದ ಸರ್ಕಾರಕ್ಕೆ ಹರಿಯುವ ನೆರವೇ ಆಫ್ರಿಕಾದ ದುರವಸ್ಥೆಗೆ ಕಾರಣಗಳಲ್ಲೊಂದೆಂದರು. ೨೦೧೩ರಲ್ಲಿ ಆಂಗಸ್ ಡೀಟನ್ ‘ದಿ ಗ್ರೇಟ್ ಎಸ್ಕೇಪ್’ನಲ್ಲಿ ಇನ್ನೂ ಸೂಕ್ಷ್ಮವಾದ ಆಪಾದನೆಯನ್ನು ಮುಂದಿಟ್ಟರು: ಹೊರಗಿನವರ ಹಣದಿಂದ ನಡೆಯುವ ಸರ್ಕಾರಕ್ಕೆ ತನ್ನ ಪ್ರಜೆಗಳ ಒಪ್ಪಿಗೆಯ ಅಗತ್ಯ ಕುಂದುತ್ತದೆ, ಆಳುವವರಿಗೂ ಆಳಿಸಿಕೊಳ್ಳುವವರಿಗೂ ನಡುವೆ ಇರಬೇಕಾದ ಕರಾರು ಸಡಿಲವಾಗುತ್ತದೆ.

ಈ ನಾಲ್ವರೂ ಗಣ್ಯ ವಿದ್ವಾಂಸರು. ಅವರ ವಾದಗಳಲ್ಲಿ ತಥ್ಯವಿದೆ. ಆದರೆ ವಿಶೇಷವೇನೆಂದರೆ, ಆರೋಗ್ಯದ ವಿಷಯಕ್ಕೆ ಬರುವಾಗ ವಿರೋಧಿಗಳ ದನಿಯೂ ಮೃದುವಾಗುತ್ತದೆ. ಈಸ್ಟರ್ಲಿ ಲಸಿಕೆ ಮುಂತಾದ ಕಾರ್ಯಗಳ ಯಶಸ್ಸನ್ನು ಒಪ್ಪುತ್ತಾರೆ; ಡೀಟನ್ ಆರೋಗ್ಯ ನೆರವು ಜೀವಗಳನ್ನು ಉಳಿಸಿರುವುದನ್ನು ಅಲ್ಲಗಳೆಯುವುದಿಲ್ಲ; ಮೊಯೊ ತುರ್ತು ಪರಿಹಾರವನ್ನೂ ಧರ್ಮಾರ್ಥ ಸಂಸ್ಥೆಗಳ ಕಾರ್ಯವನ್ನೂ ತಮ್ಮ ಟೀಕೆಯ ವ್ಯಾಪ್ತಿಯಿಂದ ಹೊರಗಿಡುತ್ತಾರೆ. ಹಾಗಿದ್ದರೂ ಈ ಗ್ರಂಥಗಳನ್ನು ಮುಂದಿಟ್ಟುಕೊಂಡು ನಡೆದ ಸಾರ್ವಜನಿಕ ವಾದವು ‘ನೆರವು ಹೆಚ್ಚಬೇಕೇ, ನಿಲ್ಲಬೇಕೇ’ ಎಂಬ ಒಂದೇ ಪ್ರಶ್ನೆಗೆ ಕುಗ್ಗಿತು. ದಾನವನ್ನು ಮೊತ್ತದಿಂದ ಮಾತ್ರ ಕಾಣುವ ದೃಷ್ಟಿಯ ದೋಷವಿದು. ಯಾವ ದ್ರವ್ಯ, ಯಾವ ವಿಧಿಯಿಂದ, ಯಾರ ಕೈಯಿಂದ, ಯಾರ ಕೈಗೆ ಎಂಬುದನ್ನು ಬಿಡಿಸಿ ಕೇಳದಿದ್ದಲ್ಲಿ ಸಫಲವಾದುದೂ ವಿಫಲವಾದುದೂ ಒಂದೇ ರಾಶಿಯಲ್ಲಿ ಸೇರಿಹೋಗುತ್ತವೆ.

ದ್ರವ್ಯ

ಕೊಟ್ಟ ವಸ್ತುವೇ ಪಡೆದವನಿಗೆ ಭಾರವಾದ ಉದಾಹರಣೆಗಳು ಈ ಇತಿಹಾಸದಲ್ಲಿ ಕಡಿಮೆಯಿಲ್ಲ. ೧೯೮೮ರ ಡಿಸೆಂಬರಿನಲ್ಲಿ ಆರ್ಮೇನಿಯಾದಲ್ಲಿ ಭೀಕರ ಭೂಕಂಪ ಸಂಭವಿಸಿದಾಗ ಲೋಕವೇ ಮರುಗಿತು. ಸುಮಾರು ೫,೦೦೦ ಟನ್ ಔಷಧ ಮತ್ತು ವೈದ್ಯಕೀಯ ಸಾಮಗ್ರಿಗಳು ಅಲ್ಲಿಗೆ ಹರಿದುಬಂದವು. ಬಂದುದೇನೆಂಬುದನ್ನು ವಿಂಗಡಿಸಿ ತಿಳಿಯಲು ೫೦ ಜನರು ಆರು ತಿಂಗಳು ಶ್ರಮಿಸಬೇಕಾಯಿತು. ನೂರಕ್ಕೆ ಎಂಟು ಪಾಲು ತಲಪುವ ವೇಳೆಗೇ ಅವಧಿ ಮೀರಿದ್ದವು. ನಾಲ್ಕು ಪಾಲು ಹಿಮದಿಂದ ಕೆಟ್ಟವು. ಉಳಿದವುಗಳಲ್ಲಿ ಸುಲಭವಾಗಿ ಗುರುತಿಸಬಹುದಾಗಿದ್ದವು ನೂರಕ್ಕೆ ಮೂವತ್ತು ಮಾತ್ರ. ಗಾಯಾಳುಗಳಿಗೆ ಶುಶ್ರೂಷೆ ಮಾಡಬೇಕಾದ ಕೈಗಳು ಪೆಟ್ಟಿಗೆಗಳನ್ನು ಬಿಚ್ಚುತ್ತ ಕೂರಬೇಕಾಯಿತು.

ಬೋಸ್ನಿಯಾದ ಯುದ್ಧದ ವರ್ಷಗಳಲ್ಲಿ, ೧೯೯೨ರಿಂದ ೧೯೯೬ರ ನಡುವೆ, ಅಲ್ಲಿಗೆ ಬಂದ ಔಷಧಗಳ ಪೈಕಿ ಸುಮಾರು ೧೭,೦೦೦ ಟನ್ ನಿರುಪಯುಕ್ತವಾಗಿತ್ತೆಂದು ತಜ್ಞರು ಅಂದಾಜು ಮಾಡಿದರು. ಅವನ್ನು ಸುರಕ್ಷಿತವಾಗಿ ನಾಶಪಡಿಸಲು ಬೇಕಾಗುವ ವೆಚ್ಚವೇ ೩ ಕೋಟಿ ೪೦ ಲಕ್ಷ ಡಾಲರ್ ಎಂದು ಲೆಕ್ಕಹಾಕಲಾಯಿತು. ೨೦೦೪ರ ಡಿಸೆಂಬರಿನ ಸುನಾಮಿಯ ನಂತರ ಇಂಡೋನೇಷ್ಯಾದ ಆಚೆ ಪ್ರಾಂತಕ್ಕೆ, ಇಪ್ಪತ್ತು ಲಕ್ಷಕ್ಕಿಂತ ಕಡಿಮೆ ಜನರಿಗಾಗಿ, ೪,೦೦೦ ಟನ್ ಔಷಧ ಬಂದಿತು. ಬಹುಪಾಲು ಪೆಟ್ಟಿಗೆಗಳ ಮೇಲಿನ ಬರಹ ಅಲ್ಲಿನ ವೈದ್ಯರಿಗೆ ತಿಳಿಯದ ಭಾಷೆಗಳಲ್ಲಿತ್ತು.

ಇವುಗಳಲ್ಲಿ ದುರುದ್ದೇಶವನ್ನು ಕಲ್ಪಿಸುವುದು ಅನ್ಯಾಯವಾದೀತು. ಕೊಟ್ಟವರಲ್ಲಿ ಅನೇಕರು ಕನಿಕರದಿಂದಲೇ ಕೊಟ್ಟರು. ಆದರೆ ಮನೆಯ ಕಪಾಟಿನಲ್ಲಿ ಮಿಕ್ಕ ಮಾತ್ರೆ, ಉಗ್ರಾಣದಲ್ಲಿ ಅವಧಿ ಮುಗಿಯುತ್ತಿರುವ ದಾಸ್ತಾನು ದಾನದ ಹೆಸರಿನಲ್ಲಿ ಹೊರಟಾಗ, ಕೊಡುವವನ ಹೊರೆ ಇಳಿದು ಪಡೆಯುವವನ ಹೊರೆ ಏರುತ್ತದೆ. ತನಗೆ ಬೇಡವಾದುದನ್ನು ಬಿಡುವುದು ತ್ಯಾಗದ ಲೆಕ್ಕಕ್ಕೆ ಬರಲಾರದು. ವಿಶ್ವ ಆರೋಗ್ಯ ಸಂಸ್ಥೆ ೧೯೯೬ರಲ್ಲಿ ಔಷಧದಾನಕ್ಕೆ ನಿಯಮಗಳನ್ನು ರೂಪಿಸಿದುದು ಇಂಥ ಅನುಭವಗಳಿಂದಲೇ. ಪಡೆಯುವವರಿಗೆ ಗರಿಷ್ಠ ಪ್ರಯೋಜನವಾಗಬೇಕು. ಅವರ ಇಚ್ಛೆಗೂ ಅಧಿಕಾರಕ್ಕೂ ಮನ್ನಣೆ ಇರಬೇಕು. ದಾನಿಯ ದೇಶದಲ್ಲಿ ಒಪ್ಪದ ಗುಣಮಟ್ಟದ ಮದ್ದನ್ನು ಇನ್ನೊಂದು ದೇಶಕ್ಕೆ ಕೊಡಕೂಡದು. ಕೊಡುವ ಮೊದಲು ಕೇಳಿ ತಿಳಿಯಬೇಕು. ಇವು ಆ ನಿಯಮಗಳ ಸಾರ. ತಲಪಿದ ಮೇಲೆ ಕನಿಷ್ಠ ಒಂದು ವರ್ಷ ಬಳಸಬಹುದಾದ ಮದ್ದನ್ನೇ ಕೊಡಬೇಕೆಂಬುದೂ ಅದರಲ್ಲಿ ಸೇರಿದೆ. ಇಂಥ ಸಾಮಾನ್ಯ ವಿವೇಕವನ್ನು ಲಿಖಿತ ನಿಯಮವಾಗಿಸಬೇಕಾಗಿ ಬಂದುದೇ ಆ ಕಾಲದ ದಾನದ ಸ್ಥಿತಿಯನ್ನು ಸೂಚಿಸುತ್ತದೆ.

ಪಾತ್ರ

ಪಡೆಯುವವರನ್ನು ಕುರಿತು ಎರಡು ತಪ್ಪು ಕಲ್ಪನೆಗಳು ಬಳಕೆಯಲ್ಲಿವೆ. ಬಡವನು ಉಚಿತವಾಗಿ ಸಿಕ್ಕಿದುದಕ್ಕೆ ಬೆಲೆ ಕೊಡುವುದಿಲ್ಲ ಎಂಬುದು ಒಂದು. ಪಡೆಯುವ ಸರ್ಕಾರ ಸದಾ ನಿರ್ದೋಷಿ ಎಂಬುದು ಇನ್ನೊಂದು.

ಮೊದಲನೆಯದಕ್ಕೆ ಮಲೇರಿಯಾದ ಸೊಳ್ಳೆಪರದೆ ಉತ್ತಮ ನಿದರ್ಶನ. ಉಚಿತವಾಗಿ ಹಂಚಿದ ಪರದೆಗಳು ಮೀನಿನ ಬಲೆಯೋ ಮದುಮಗಳ ಮುಸುಕೋ ಆಗುತ್ತವೆ, ಅಲ್ಪ ಬೆಲೆಯನ್ನಾದರೂ ಇಡಬೇಕು ಎಂದು ಈಸ್ಟರ್ಲಿಯಂಥವರು ಹೇಳಿದ್ದರು. ಕೀನ್ಯಾದಲ್ಲಿ ಜೆಸಿಕಾ ಕೋಹೆನ್ ಮತ್ತು ಪಾಸ್ಕಲೀನ್ ಡ್ಯುಪಾ ಎಂಬ ಸಂಶೋಧಕಿಯರು ಇದನ್ನು ಪ್ರಯೋಗದಿಂದ ಪರೀಕ್ಷಿಸಿ ೨೦೧೦ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಉಚಿತವಾಗಿ ಪಡೆದ ಗರ್ಭಿಣಿಯರು ಹಣ ಕೊಟ್ಟು ಪಡೆದವರಷ್ಟೇ ಪರದೆಗಳನ್ನು ಬಳಸುತ್ತಿದ್ದರು. ಒಂದು ಡಾಲರಿಗಿಂತ ಕಡಿಮೆ ಬೆಲೆಯನ್ನು ಇಟ್ಟಾಗಲೂ ಪಡೆಯುವವರ ಸಂಖ್ಯೆ ಮಾತ್ರ ತೀವ್ರವಾಗಿ ಕುಸಿಯಿತು. ಆಫ್ರಿಕಾದಲ್ಲಿ ೨೦೦೦ದಿಂದ ೨೦೧೫ರವರೆಗೆ ಸುಮಾರು ೬೬ ಕೋಟಿ ಮಲೇರಿಯಾ ಪ್ರಕರಣಗಳು ತಪ್ಪಿದವೆಂದೂ, ಅದರಲ್ಲಿ ಮೂರನೆಯ ಎರಡು ಪಾಲು ಔಷಧ ಲೇಪಿಸಿದ ಪರದೆಗಳ ಫಲವೆಂದೂ ಮತ್ತೊಂದು ಪ್ರಸಿದ್ಧ ಅಧ್ಯಯನದ ಅಂದಾಜು. ಈ ಪರದೆಗಳ ಬಹುಭಾಗ ಬಂದುದು ವಿದೇಶೀ ನೆರವಿನಿಂದ. ಬಡ ತಾಯಿಗೆ ತನ್ನ ಮಗುವಿನ ಜೀವದ ಬೆಲೆಯನ್ನು ಕಲಿಸಬೇಕಾಗಿರಲಿಲ್ಲ; ಪರದೆಯನ್ನು ಕೈಗೆ ಮುಟ್ಟಿಸಬೇಕಾಗಿತ್ತು.

ಎರಡನೆಯ ಕಲ್ಪನೆಯೂ ಪರೀಕ್ಷೆಗೆ ನಿಲ್ಲುವುದಿಲ್ಲ. ಆಫ್ರಿಕಾದ ರಾಷ್ಟ್ರನಾಯಕರು ೨೦೦೧ರಲ್ಲಿ ನೈಜೀರಿಯಾದ ಅಬೂಜಾದಲ್ಲಿ ಸೇರಿ, ತಂತಮ್ಮ ಆಯವ್ಯಯದ ನೂರಕ್ಕೆ ಹದಿನೈದು ಪಾಲನ್ನು ಆರೋಗ್ಯಕ್ಕೆ ಮೀಸಲಿಡುವುದಾಗಿ ಸಂಕಲ್ಪ ಮಾಡಿದರು. ಎರಡು ದಶಕಗಳಿಗೂ ಹೆಚ್ಚು ಕಾಲ ಕಳೆದರೂ ಬಹುತೇಕ ದೇಶಗಳು ಆ ಗುರಿಯನ್ನು ತಲಪಲಿಲ್ಲ. ೨೦೧೦ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಒಂದು ಅಧ್ಯಯನ, ಸರ್ಕಾರಗಳಿಗೆ ಆರೋಗ್ಯಕ್ಕೆಂದು ಕೊಟ್ಟ ಪ್ರತಿ ಒಂದು ಡಾಲರಿಗೆ ಆ ಸರ್ಕಾರಗಳು ತಮ್ಮ ಸ್ವಂತ ಆರೋಗ್ಯ ವೆಚ್ಚದಲ್ಲಿ ೪೩ ಸೆಂಟ್‌ನಿಂದ ೧ ಡಾಲರ್ ೧೪ ಸೆಂಟ್‌ವರೆಗೆ ಕಡಿತ ಮಾಡಿಕೊಂಡಿದ್ದವೆಂದು ಅಂದಾಜು ಮಾಡಿತು. ೨೦೦೫ರಲ್ಲಿ ಉಗಾಂಡಾದಲ್ಲಿ ಹಣದ ದುರ್ವಿನಿಯೋಗ ಬಯಲಾದಾಗ ಏಡ್ಸ್, ಕ್ಷಯ, ಮಲೇರಿಯಾಗಳ ಜಾಗತಿಕ ನಿಧಿಯು ಆ ದೇಶದ ಅನುದಾನಗಳನ್ನು ಕೆಲಕಾಲ ತಡೆಹಿಡಿಯಬೇಕಾಯಿತು. ಡೀಟನ್ನರ ಆತಂಕಕ್ಕೆ ಆಧಾರವಿಲ್ಲದಿಲ್ಲ. ಆದರೆ ಇಲ್ಲಿ ಪಾತ್ರ ಎರಡಾಗಿ ಒಡೆದಿರುವುದನ್ನು ಗಮನಿಸಬೇಕು. ಹಣ ಪಡೆಯುವವನು ಮಂತ್ರಿ. ಮದ್ದು ಬೇಕಾದವನು ರೋಗಿ. ಮೊದಲನೆಯವನ ಅಪರಾಧಕ್ಕೆ ಎರಡನೆಯವನನ್ನು ದಂಡಿಸುವುದು ನ್ಯಾಯವೂ ಅಲ್ಲ, ಕರುಣೆಯೂ ಅಲ್ಲ. ಇಬ್ಬರ ನಡುವಣ ಅಂತರವನ್ನು ತುಂಬುವುದು ವಿಧಿಯ ಕೆಲಸ.

ವಿಧಿ

ನೆರವು ಸಫಲವಾದ ಪ್ರಸಂಗಗಳನ್ನು ಒಟ್ಟಿಗಿಟ್ಟು ನೋಡಿದರೆ ಅವುಗಳ ಕ್ರಮದಲ್ಲಿ ಒಂದು ಸಾಮ್ಯ ಕಾಣುತ್ತದೆ. ಸಿಡುಬಿನ ನಿರ್ಮೂಲನೆ ಅವುಗಳಲ್ಲಿ ಅಗ್ರಗಣ್ಯ. ವಿಶ್ವ ಆರೋಗ್ಯ ಸಂಸ್ಥೆ ೧೯೬೭ರಲ್ಲಿ ತೀವ್ರಗೊಳಿಸಿದ ಆ ಕಾರ್ಯ, ಭಾರತದಲ್ಲಿ ೧೯೭೫ರ ಮೇ ತಿಂಗಳಲ್ಲಿ ಕೊನೆಯ ಪ್ರಕರಣವನ್ನೂ, ೧೯೭೭ರಲ್ಲಿ ಸೊಮಾಲಿಯಾದಲ್ಲಿ ಲೋಕದ ಕೊನೆಯ ಸಹಜ ಪ್ರಕರಣವನ್ನೂ ಕಂಡು, ೧೯೮೦ರಲ್ಲಿ ಸಂಪೂರ್ಣವಾಯಿತೆಂದು ಘೋಷಿತವಾಯಿತು. ಸೋವಿಯತ್ ಒಕ್ಕೂಟ, ಅಮೆರಿಕ ಮುಂತಾದ ದೇಶಗಳು ಲಸಿಕೆಯನ್ನೂ ತಜ್ಞರನ್ನೂ ಒದಗಿಸಿದವು. ಒಟ್ಟು ವೆಚ್ಚ ಸುಮಾರು ೩೦ ಕೋಟಿ ಡಾಲರ್. ಅದರಲ್ಲಿ ಹೊರಗಿನಿಂದ ಬಂದುದು ಮೂರನೆಯ ಒಂದು ಪಾಲು ಮಾತ್ರ. ಉಳಿದುದನ್ನು ರೋಗಪೀಡಿತ ದೇಶಗಳೇ ಭರಿಸಿದವು. ಮನೆಮನೆಗೆ ಅಲೆದು ರೋಗಿಯನ್ನು ಹುಡುಕಿ, ಸುತ್ತಲಿನವರಿಗೆ ಲಸಿಕೆ ಹಾಕಿದವರು ಬಹುಮಟ್ಟಿಗೆ ಆಯಾ ದೇಶದ ಸಾಮಾನ್ಯ ಆರೋಗ್ಯ ಕಾರ್ಯಕರ್ತರೇ. ವಿದೇಶೀ ನೆರವಿನ ಮಹಾವಿಜಯವೆಂದು ಕೀರ್ತಿತವಾಗುವ ಈ ಕಾರ್ಯದಲ್ಲಿ ದೊಡ್ಡ ಪಾಲು ಸ್ವದೇಶದ್ದು ಎಂಬ ಸಂಗತಿಯನ್ನು ನೆರವಿನ ಪರವಾದಿಗಳೂ ವಿರೋಧಿಗಳೂ ಸಾಮಾನ್ಯವಾಗಿ ಮರೆಯುತ್ತಾರೆ.

ಎರಡನೆಯ ನಿದರ್ಶನ ಪಶ್ಚಿಮ ಆಫ್ರಿಕಾದ್ದು. ವೇಗವಾಗಿ ಹರಿಯುವ ನದಿಗಳ ಬಳಿ ಬೆಳೆಯುವ ಕರಿನೊಣದ ಕಡಿತದಿಂದ ಒಂದು ಬಗೆಯ ಹುಳು ದೇಹವನ್ನು ಹೊಕ್ಕು, ಅದರ ಮರಿಗಳು ಕಣ್ಣನ್ನು ಸೇರಿ ದೃಷ್ಟಿಯನ್ನು ಕೆಡಿಸುತ್ತವೆ. ‘ನದೀ ಅಂಧತೆ’ ಎಂದು ಹೆಸರಾದ ಈ ರೋಗಕ್ಕೆ ಹೆದರಿ ಜನರು ಫಲವತ್ತಾದ ನದೀತೀರಗಳನ್ನೇ ತೊರೆದಿದ್ದರು. ೧೯೭೪ರಲ್ಲಿ ಆರಂಭವಾಗಿ ೨೦೦೨ರವರೆಗೆ ನಡೆದ ಅಂತರರಾಷ್ಟ್ರೀಯ ಕಾರ್ಯಕ್ರಮದಿಂದ ಸುಮಾರು ಆರು ಲಕ್ಷ ಜನರ ಅಂಧತ್ವ ತಪ್ಪಿತೆಂದೂ, ಎರಡೂವರೆ ಕೋಟಿ ಹೆಕ್ಟೇರ್ ಭೂಮಿ ಮತ್ತೆ ವಾಸಕ್ಕೂ ಬೇಸಾಯಕ್ಕೂ ಒದಗಿತೆಂದೂ ಅಂದಾಜಿದೆ. ೧೯೮೭ರಲ್ಲಿ ಅಮೆರಿಕದ ಮರ್ಕ್ ಕಂಪನಿಯು ತನ್ನ ಐವರ್‌ಮೆಕ್ಟಿನ್ ಮಾತ್ರೆಯನ್ನು ಈ ರೋಗಕ್ಕಾಗಿ, ಅಗತ್ಯವಿರುವವರೆಗೂ, ಅಗತ್ಯವಿರುವಷ್ಟು ಉಚಿತವಾಗಿ ಕೊಡುವುದಾಗಿ ಮಾತು ಕೊಟ್ಟಿತು. ಆ ಮಾತು ಮುಖ್ಯವಾದುದು. ದೇಹದೊಳಗಿನ ದೊಡ್ಡ ಹುಳು ಹತ್ತು-ಹದಿನೈದು ವರ್ಷ ಬದುಕಬಲ್ಲದು. ಮಾತ್ರೆ ಅದರ ಮರಿಗಳನ್ನಷ್ಟೇ ನಿವಾರಿಸುವುದರಿಂದ ವರ್ಷವರ್ಷವೂ ಅದನ್ನು ಸೇವಿಸಬೇಕು. ಎರಡು ವರ್ಷ ಕೊಟ್ಟು ಕೈತೊಳೆದುಕೊಳ್ಳುವ ದಾನ ಇಲ್ಲಿ ನಿಷ್ಫಲ.

ಮಾತ್ರೆಗಳನ್ನು ಹಂಚುವ ಕ್ರಮವೂ ಕಾಲಕ್ರಮೇಣ ಬದಲಾಯಿತು. ಮೊದಲು ಹೊರಗಿನ ತಂಡಗಳು ವಾಹನಗಳಲ್ಲಿ ಹಳ್ಳಿಗಳಿಗೆ ಬಂದು ಹಂಚುತ್ತಿದ್ದವು. ೧೯೯೫ರ ನಂತರ ಆಫ್ರಿಕಾದ ಉಳಿದ ದೇಶಗಳಿಗೆ ವಿಸ್ತರಿಸಿದ ಕಾರ್ಯಕ್ರಮದಲ್ಲಿ, ಮಾತ್ರೆ ಹಂಚುವವರನ್ನು ಊರಿನವರೇ ಆರಿಸುವ, ಹಂಚಿಕೆಯ ಕಾಲವನ್ನು ಅವರೇ ನಿರ್ಧರಿಸುವ ಪದ್ಧತಿ ಜಾರಿಗೆ ಬಂದಿತು. ಬಿತ್ತನೆ, ಕೊಯ್ಲುಗಳ ದಿನಗಳನ್ನು ಊರಿನವರಿಗಿಂತ ಚೆನ್ನಾಗಿ ಬಲ್ಲವರಾರು? ೨೦೨೫ರ ಜನವರಿಯಲ್ಲಿ ನೈಜರ್, ಈ ರೋಗದಿಂದ ಮುಕ್ತವಾದ ಆಫ್ರಿಕಾದ ಮೊದಲ ದೇಶವೆಂಬ ಮನ್ನಣೆಯನ್ನು ಪಡೆಯಿತು. ಕಾರ್ಯ ಆರಂಭವಾಗಿ ಆಗ ಅರ್ಧ ಶತಮಾನ ಕಳೆದಿತ್ತು.

ಇದಕ್ಕೆ ವಿರುದ್ಧವಾದ ಕ್ರಮವೂ ಉಂಟು. ದಾನಿಯು ತನ್ನ ಯೋಜನೆಗೆ ತನ್ನದೇ ಕಚೇರಿ, ತನ್ನದೇ ಉಗ್ರಾಣ, ತನ್ನದೇ ಲೆಕ್ಕಪತ್ರಗಳನ್ನು ಸ್ಥಾಪಿಸುತ್ತಾನೆ. ಹೆಚ್ಚಿನ ಸಂಬಳಕ್ಕಾಗಿ ಸರ್ಕಾರಿ ಆಸ್ಪತ್ರೆಯ ಅನುಭವಿ ದಾದಿಯರೂ ವೈದ್ಯರೂ ಅಲ್ಲಿಗೆ ಹೋಗುತ್ತಾರೆ. ಒಂದು ರೋಗಕ್ಕೆ ಉತ್ತಮ ಚಿಕಿತ್ಸೆ ದೊರೆಯುವ ಕಟ್ಟಡದ ಪಕ್ಕದಲ್ಲೇ ಹೆರಿಗೆಗೆ ಬಂದ ಹೆಂಗಸನ್ನು ನೋಡುವವರಿಲ್ಲದಂತಾಗುತ್ತದೆ. ಈ ದೋಷಕ್ಕೆ ಪರಿಹಾರವಿಲ್ಲದಿಲ್ಲ. ಮಲಾವಿ ದೇಶದಲ್ಲಿ ೨೦೦೪ರಿಂದ ಬ್ರಿಟನ್ ಮೊದಲಾದ ದಾನಿಗಳ ಹಣವನ್ನು ಸರ್ಕಾರಿ ಆರೋಗ್ಯ ಸಿಬ್ಬಂದಿಯ ವೇತನಕ್ಕೆ ನೂರಕ್ಕೆ ೫೨ರಷ್ಟು ಸೇರಿಸಲು ಮತ್ತು ತರಬೇತಿ ಸಂಸ್ಥೆಗಳನ್ನು ವಿಸ್ತರಿಸಲು ವಿನಿಯೋಗಿಸಲಾಯಿತು. ಐದು ವರ್ಷಗಳಲ್ಲಿ ಸಿಬ್ಬಂದಿಯ ಸಂಖ್ಯೆ ಅರ್ಧಕ್ಕಿಂತಲೂ ಹೆಚ್ಚು ಏರಿತು. ೧೯೯೪ರ ನರಮೇಧದಿಂದ ಜರ್ಜರಿತವಾಗಿದ್ದ ರುವಾಂಡಾ, ದಾನಿಗಳು ತನ್ನ ರಾಷ್ಟ್ರೀಯ ಯೋಜನೆಯೊಳಗೇ ಬರಬೇಕೆಂದು ಪಟ್ಟುಹಿಡಿಯಿತು. ಹಳ್ಳಿಗಳವರೇ ಆರಿಸಿದ ಆರೋಗ್ಯ ಕಾರ್ಯಕರ್ತರ ಜಾಲವನ್ನು ಕಟ್ಟಿತು. ಅಲ್ಲಿ ಐದು ವರ್ಷ ತುಂಬುವ ಮೊದಲೇ ಸಾಯುತ್ತಿದ್ದ ಮಕ್ಕಳ ಸಂಖ್ಯೆ ೨೦೦೦ದ ಸಮೀಕ್ಷೆಯಲ್ಲಿ ಸಾವಿರಕ್ಕೆ ೧೯೬ ಇದ್ದುದು, ೨೦೧೯-೨೦ರ ಸಮೀಕ್ಷೆಯಲ್ಲಿ ೪೫ಕ್ಕೆ ಇಳಿಯಿತು. ಮದ್ದಿನೊಡನೆ ಮದ್ದು ಕೊಡಬಲ್ಲ ಮನುಷ್ಯರನ್ನೂ ಬೆಳೆಸಿದ ನೆರವು ಉಳಿಯಿತು.

ದಾತೃ

ಕೊನೆಯದಾಗಿ ದಾತೃವಿನ ವಿಚಾರ. ೨೦೦೩ರ ಜನವರಿಯಲ್ಲಿ ಅಮೆರಿಕದ ಅಧ್ಯಕ್ಷ ಜಾರ್ಜ್ ಡಬ್ಲ್ಯು. ಬುಷ್ ಏಡ್ಸ್ ರೋಗದ ವಿರುದ್ಧ ಐದು ವರ್ಷಗಳಿಗೆ ೧,೫೦೦ ಕೋಟಿ ಡಾಲರ್‌ಗಳ ಯೋಜನೆಯನ್ನು ಘೋಷಿಸಿದರು. ‘ಪೆಪ್‌ಫಾರ್’ ಎಂದು ಹೆಸರಾದ ಈ ಯೋಜನೆ, ಅಮೆರಿಕ ಸರ್ಕಾರದ ಅಂದಾಜಿನಂತೆ, ಎರಡು ದಶಕಗಳಲ್ಲಿ ಎರಡೂವರೆ ಕೋಟಿ ಜೀವಗಳನ್ನು ಉಳಿಸಿದೆ. ೨೦೨೪ರ ವೇಳೆಗೆ ಎರಡು ಕೋಟಿಗೂ ಹೆಚ್ಚು ಜನರ ಚಿಕಿತ್ಸೆಗೆ ಅದು ಆಸರೆಯಾಗಿತ್ತು. ಈಸ್ಟರ್ಲಿಯವರು ೨೦೦೬ರಲ್ಲಿ, ಏಡ್ಸ್ ರೋಗಿಗಳ ಚಿಕಿತ್ಸೆ ಅತಿ ದುಬಾರಿ, ಅದೇ ಹಣದಿಂದ ರೋಗತಡೆಯಂಥ ಅಗ್ಗದ ಉಪಾಯಗಳ ಮೂಲಕ ಹೆಚ್ಚು ಜೀವಗಳನ್ನು ಉಳಿಸಬಹುದೆಂದು ತರ್ಕಿಸಿದ್ದರು. ಆ ಕಾಲದ ಲೆಕ್ಕಕ್ಕೆ ಅದು ಅಸಂಗತವಾಗಿರಲಿಲ್ಲ. ಆದರೆ ಲೆಕ್ಕದ ಅಂಕಿಗಳೇ ಮುಂದೆ ಬದಲಾದವು.

ಇಲ್ಲಿ ಭಾರತಕ್ಕೆ ಗೌರವದ ಪಾಲಿದೆ. ವರ್ಷಕ್ಕೆ ಹತ್ತು ಸಾವಿರ ಡಾಲರಿಗೂ ಮೇಲ್ಪಟ್ಟ ಬೆಲೆಯಿದ್ದ ಮೂರು ಔಷಧಗಳ ಚಿಕಿತ್ಸೆಯನ್ನು ೨೦೦೧ರಲ್ಲಿ ಮುಂಬಯಿಯ ಸಿಪ್ಲಾ ಕಂಪನಿ, ಧರ್ಮಾರ್ಥ ವೈದ್ಯಸಂಸ್ಥೆಯೊಂದಕ್ಕೆ ೩೫೦ ಡಾಲರಿಗೆ ಒದಗಿಸಲು ಮುಂದಾಯಿತು. ಇತರ ಭಾರತೀಯ ತಯಾರಕರೂ ಬಂದು ಸ್ಪರ್ಧೆ ಬೆಳೆಯಿತು. ೨೦೨೩ರ ಹೊತ್ತಿಗೆ ಜಾಗತಿಕ ನಿಧಿಯು ಕೊಳ್ಳುವ ಪ್ರಮುಖ ಚಿಕಿತ್ಸೆಯ ಬೆಲೆ ವರ್ಷಕ್ಕೆ ೪೫ ಡಾಲರಿಗಿಂತ ಕೆಳಗಿಳಿದಿತ್ತು. ಚಿಕಿತ್ಸೆ ಪಡೆದ ರೋಗಿಯಿಂದ ಸಂಗಾತಿಗೆ ಸೋಂಕು ತಗಲುವುದು ನೂರಕ್ಕೆ ೯೬ರಷ್ಟು ಕಡಿಮೆಯಾಗುತ್ತದೆಂದು ೨೦೧೧ರ ಪ್ರಯೋಗವೊಂದು ತೋರಿಸಿತು. ಹೀಗೆ ಚಿಕಿತ್ಸೆಯೇ ತಡೆಯೂ ಆಯಿತು. ಜೀವದ ಬೆಲೆಯನ್ನು ಇಂದಿನ ಮಾರುಕಟ್ಟೆಯ ದರದಿಂದ ನಿಶ್ಚಯಿಸುವ ತರ್ಕ ಎಷ್ಟು ಬೇಗ ಹಳತಾಗುತ್ತದೆ ಎಂಬುದಕ್ಕೆ ಇದು ಪಾಠ.

ಆದರೂ ದಾತೃವಿನ ಅಭಿಮಾನ ಮತ್ತು ಅಧಿಕಾರ ಈ ದಾನದೊಡನೆ ಬೆರೆತೇ ಇದ್ದವು. ನೆರವು ಪಡೆಯುವ ಸಂಸ್ಥೆಗಳು ವೇಶ್ಯಾವೃತ್ತಿಯನ್ನು ವಿರೋಧಿಸುವುದಾಗಿ ಪ್ರತಿಜ್ಞೆ ಮಾಡಬೇಕೆಂದು ಅಮೆರಿಕ ಷರತ್ತು ವಿಧಿಸಿತ್ತು. ಸೋಂಕಿನ ಅಪಾಯ ಹೆಚ್ಚಾಗಿರುವ ಆ ಹೆಂಗಸರ ವಿಶ್ವಾಸವನ್ನು ಕಳೆದುಕೊಂಡರೆ ರೋಗವನ್ನು ತಡೆಯುವುದು ಅಸಾಧ್ಯವೆಂದು ಭಾವಿಸಿದ ಬ್ರೆಜಿಲ್, ೨೦೦೫ರಲ್ಲಿ ಸುಮಾರು ನಾಲ್ಕು ಕೋಟಿ ಡಾಲರ್ ನೆರವನ್ನು ಬೇಡವೆಂದು ಹಿಂದಿರುಗಿಸಿತು. ೧೯೯೬ರಿಂದಲೇ ತನ್ನ ರೋಗಿಗಳಿಗೆ ಉಚಿತ ಔಷಧ ಕೊಡುವ ಕಾನೂನನ್ನು ಮಾಡಿಕೊಂಡಿದ್ದ ದೇಶಕ್ಕೆ ಹಾಗೆ ನಿರಾಕರಿಸುವ ಶಕ್ತಿಯಿತ್ತು. ಹೆಚ್ಚು ಬಡವಾದ ದೇಶಗಳಿಗೆ ಆ ಆಯ್ಕೆ ಇರಲಿಲ್ಲ.

ಆ ಆಯ್ಕೆಯ ಅಭಾವ ಎಂಥ ಅಪಾಯವೆಂಬುದು ೨೦೨೫ರಲ್ಲಿ ಪ್ರಕಟವಾಯಿತು. ಜನವರಿ ೨೦ರಂದು ಅಮೆರಿಕದ ಹೊಸ ಆಡಳಿತ ವಿದೇಶೀ ನೆರವನ್ನು ತೊಂಬತ್ತು ದಿನಗಳ ಮಟ್ಟಿಗೆ ತಡೆಹಿಡಿಯುವ ಆಜ್ಞೆಯನ್ನು ಹೊರಡಿಸಿತು. ಜೀವರಕ್ಷಕ ಚಿಕಿತ್ಸೆಗೆ ವಿನಾಯಿತಿಯನ್ನು ಸಾರಲಾಯಿತಾದರೂ, ಹಣ ನಿಂತು, ಸಿಬ್ಬಂದಿಯನ್ನು ಕೆಲಸದಿಂದ ತೆಗೆದು, ಅನೇಕ ದೇಶಗಳಲ್ಲಿ ಚಿಕಿತ್ಸಾಲಯಗಳು ಮುಚ್ಚಿದವು. ಮಾರ್ಚಿಯಲ್ಲಿ ನೆರವು ಸಂಸ್ಥೆಯ ನೂರಕ್ಕೆ ೮೩ ಯೋಜನೆಗಳನ್ನು ರದ್ದುಗೊಳಿಸಿರುವುದಾಗಿ ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ತಿಳಿಸಿದರು. ಜುಲೈ ೧ರಿಂದ ಆ ಸಂಸ್ಥೆಯೇ ತನ್ನ ಕಾರ್ಯವನ್ನು ನಿಲ್ಲಿಸಿತು. ಬಡ ದೇಶಗಳ ಜನನಮರಣಗಳನ್ನು ದಶಕಗಳಿಂದ ದಾಖಲಿಸುತ್ತಿದ್ದ ಸಮೀಕ್ಷೆಗಳಿಗೂ ಹಣ ನಿಂತಿತು. ‘ಲ್ಯಾನ್ಸೆಟ್’ನಲ್ಲಿ ಪ್ರಕಟವಾದ ಅಧ್ಯಯನವೊಂದು, ಈ ಕಡಿತ ಮುಂದುವರಿದರೆ ೨೦೩೦ರ ವೇಳೆಗೆ ಒಂದು ಕೋಟಿ ನಲವತ್ತು ಲಕ್ಷಕ್ಕೂ ಹೆಚ್ಚು ಅಧಿಕ ಸಾವುಗಳು ಸಂಭವಿಸಬಹುದೆಂದು ಅಂದಾಜು ಮಾಡಿದೆ. ಇದು ಗಣಿತದ ಮಾದರಿಯನ್ನು ಆಧರಿಸಿದ ಮುನ್ಸೂಚನೆ, ಸಂಖ್ಯೆ ಹೆಚ್ಚುಕಡಿಮೆಯಾಗಬಹುದು. ಅದರ ನಾಲ್ಕನೆಯ ಒಂದು ಪಾಲು ನಿಜವಾದರೂ ಅದು ಮನುಷ್ಯಕೃತ ಮಹಾದುರಂತವೇ ಸರಿ.

ಏಡ್ಸ್‌ನ ಔಷಧವನ್ನು ಒಮ್ಮೆ ಆರಂಭಿಸಿದವನು ಜೀವಮಾನವಿಡೀ ಸೇವಿಸಬೇಕು. ನಿಲ್ಲಿಸಿದರೆ ವೈರಸ್ ಮತ್ತೆ ತಲೆಯೆತ್ತುತ್ತದೆ. ಆದುದರಿಂದ ಈ ಮದ್ದನ್ನು ಕೊಡಲು ಕೈಯೆತ್ತಿದವನು ಒಂದು ಮಾತ್ರೆಯನ್ನಷ್ಟೇ ಕೊಡುತ್ತಿಲ್ಲ. ನಾಳೆಯೂ ಕೊಡುವೆನೆಂಬ ಅಭಯವನ್ನೂ ಕೊಟ್ಟಿರುತ್ತಾನೆ. ಅದನ್ನು ಬಾಯಿಬಿಟ್ಟು ಹೇಳದಿದ್ದರೂ ಹೊಣೆ ತಪ್ಪುವುದಿಲ್ಲ. ತನ್ನ ಹಣವನ್ನು ಯಾರಿಗೆ ಕೊಡಬೇಕೆಂಬುದು ದಾನಿಯ ಇಚ್ಛೆ, ಆದುದರಿಂದ ಹಿಂತೆಗೆಯುವುದೂ ಅವನ ಹಕ್ಕು ಎಂಬ ವಾದ ಕೇಳಿಬಂದಿದೆ. ದಾನವನ್ನು ಆರಂಭಿಸದಿರುವವನಿಗೂ, ಆರಂಭಿಸಿ ಇನ್ನೊಬ್ಬನ ಉಸಿರನ್ನು ತನ್ನ ಕೈಗೆ ಕಟ್ಟಿಕೊಂಡ ಮೇಲೆ ಬಿಟ್ಟುಬಿಡುವವನಿಗೂ ನಡುವಣ ನೈತಿಕ ಅಂತರವನ್ನು ಆ ವಾದ ಕಾಣುವುದಿಲ್ಲ. ನಿಧಾನವಾಗಿ, ಮುನ್ಸೂಚನೆಯೊಡನೆ, ಹೊರೆಯನ್ನು ಸ್ಥಳೀಯ ಸರ್ಕಾರಕ್ಕೆ ಹಂತಹಂತವಾಗಿ ವರ್ಗಾಯಿಸಿ ಹಿಂದೆ ಸರಿಯುವ ಮಾರ್ಗವಿತ್ತು. ದಕ್ಷಿಣ ಆಫ್ರಿಕಾ ತನ್ನ ಏಡ್ಸ್ ಕಾರ್ಯಕ್ರಮದ ಬಹುಪಾಲು ವೆಚ್ಚವನ್ನು ಅದಾಗಲೇ ತಾನೇ ಭರಿಸುತ್ತಿತ್ತು. ನೈಜೀರಿಯಾ ೨೦೨೫ರ ಆಯವ್ಯಯದಲ್ಲಿ ಆರೋಗ್ಯಕ್ಕೆ ೨೦ ಕೋಟಿ ಡಾಲರ್ ಹೆಚ್ಚುವರಿಯಾಗಿ ಒದಗಿಸಿತು. ಸ್ವಾವಲಂಬನೆಗೆ ಕಾಲಾವಕಾಶ ಬೇಕು. ರೋಗಿಗೆ ಆ ಅವಕಾಶವನ್ನು ಕೊಡಬೇಕಾದವನು ದಾತೃವೇ.

ಈ ಪರಿಶೀಲನೆಯಿಂದ ದೊರೆಯುವ ನಿರ್ಣಯ ಸ್ಪಷ್ಟ. ವಿದೇಶೀ ಆರೋಗ್ಯ ನೆರವು ವ್ಯರ್ಥವೆಂಬುದು ಸುಳ್ಳು. ಸಿಡುಬಿಲ್ಲದ ಲೋಕವೂ, ಬೆಳಕುಳಿದ ಲಕ್ಷಾಂತರ ಕಣ್ಣುಗಳೂ ಅದಕ್ಕೆ ಸಾಕ್ಷಿ. ಹೆಚ್ಚು ಹಣವೇ ಹೆಚ್ಚು ಆರೋಗ್ಯವೆಂಬುದೂ ಸುಳ್ಳು. ಆರ್ಮೇನಿಯಾದ ಪೆಟ್ಟಿಗೆಗಳು ಅದಕ್ಕೆ ಸಾಕ್ಷಿ. ಸ್ಯಾಕ್ಸ್ ಅವರ ಗ್ರಂಥ ದ್ರವ್ಯದ ಅಗತ್ಯವನ್ನು ಸರಿಯಾಗಿ ಕಂಡಿತು, ವಿಧಿಯ ಕಷ್ಟವನ್ನು ಹಗುರವಾಗಿ ಎಣಿಸಿತು. ಈಸ್ಟರ್ಲಿ ವಿಧಿಯ ದೋಷವನ್ನು ಕಂಡರು, ದ್ರವ್ಯದ ಬೆಲೆ ಇಳಿಯಬಹುದೆಂಬುದನ್ನು ಕಾಣಲಿಲ್ಲ. ಮೊಯೊ ಮತ್ತು ಡೀಟನ್ ಪಡೆಯುವ ಸರ್ಕಾರದ ಸ್ಖಲನವನ್ನು ತೋರಿಸಿದರು. ಆದರೆ ನೆರವನ್ನು ನಿಲ್ಲಿಸುವುದರಿಂದಲೇ ಆ ಸರ್ಕಾರ ತನ್ನ ಪ್ರಜೆಗಳತ್ತ ತಿರುಗುತ್ತದೆಯೆಂಬ ನಿರೀಕ್ಷೆಗೆ, ನಡುವೆ ಸಾಯುವವನ ಕಡೆಯಿಂದ ಉತ್ತರ ಸಿಗುವುದಿಲ್ಲ.

ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು ನಾಡಿಗೆಲ್ಲ ತಿಳಿದ ಸಂಗತಿ. ಓಲೆಯ ಗ್ರಂಥ ಪಡೆದವನ ಬಳಿ ಉಳಿಯುತ್ತದೆ. ಅವನು ಅದನ್ನು ಓದಬಹುದು, ಪ್ರತಿಮಾಡಬಹುದು, ಮತ್ತೊಬ್ಬನಿಗೆ ಕಲಿಸಬಹುದು. ಔಷಧ ಹಾಗಲ್ಲ, ಸೇವಿಸಿದೊಡನೆ ಮುಗಿಯುತ್ತದೆ, ಮರಳಿ ಬೇಡಬೇಕಾಗುತ್ತದೆ. ಆದುದರಿಂದ ಔಷಧದಾನವು ಒಂಟಿಯಾಗಿ ನಿಲ್ಲಲಾರದು. ಅದರೊಡನೆ ಸ್ಥಳೀಯರಿಗೆ ವಿದ್ಯೆಯನ್ನು ಕೊಡುವ ಶಾಸ್ತ್ರದಾನವೂ, ನಡುವೆ ಕೈಬಿಡುವುದಿಲ್ಲವೆಂಬ ಅಭಯದಾನವೂ ಕೂಡಬೇಕು. ಪೂರ್ವಿಕರು ನಾಲ್ಕನ್ನೂ ಒಟ್ಟಿಗೆ ಹೆಸರಿಸಿದುದರಲ್ಲಿ ಈ ವಿವೇಕವನ್ನೂ ಕಾಣಬಹುದು.

ಈ ಮಾತು ದೊಡ್ಡ ರಾಷ್ಟ್ರಗಳಿಗೆ ಮಾತ್ರ ಸಲ್ಲುವುದಲ್ಲ. ಬಸದಿಗಳ ಆಡಳಿತ ಮಂಡಳಿಗಳೂ ಧರ್ಮಾರ್ಥ ಟ್ರಸ್ಟುಗಳೂ ಮಹೋತ್ಸವಗಳ ನಿಮಿತ್ತ ಉಚಿತ ವೈದ್ಯಕೀಯ ಶಿಬಿರಗಳನ್ನು ಏರ್ಪಡಿಸುತ್ತವೆ. ರಕ್ತದೊತ್ತಡಕ್ಕೂ ಸಕ್ಕರೆ ಕಾಯಿಲೆಗೂ ಹದಿನೈದು ದಿನಗಳ ಮಾತ್ರೆ ಕೊಟ್ಟು ಕಳಿಸಿದ ರೋಗಿಗೆ ಹದಿನಾರನೆಯ ದಿನ ಮಾತ್ರೆ ಎಲ್ಲಿಂದ ಬರಬೇಕು? ಆ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನು ಮೊದಲೇ ವಿಚಾರಿಸಲಾಗಿತ್ತೆ? ಶಸ್ತ್ರಚಿಕಿತ್ಸೆಯಾದ ಕಣ್ಣನ್ನು ಮರುತಿಂಗಳು ನೋಡುವವರಾರು? ಫಲಾನುಭವಿಗಳ ಸಂಖ್ಯೆಯನ್ನು ವರದಿಯಲ್ಲಿ ಬರೆಯುವ ಮುನ್ನ ಈ ಮೂರು ಪ್ರಶ್ನೆಗಳಿಗೆ ಉತ್ತರವನ್ನು ಸಿದ್ಧಪಡಿಸಿಕೊಂಡ ಸಂಸ್ಥೆ, ಸಣ್ಣದಾಗಿದ್ದರೂ, ದಾನದ ಹೊಣೆಯನ್ನು ಅರಿತ ಸಂಸ್ಥೆ.